ಎಷ್ಟು ಸಲ ಎತ್ತಬೇಕಾಗತೈತಿ?

ಖಡಕ್ ರೊಟ್ಟಿಗೆ ತೂಕವಿಲ್ಲ, ಆದರೆ ಜಂಬ ಬಹಳ. ಮಡಚಿದರೆ ಮುರಿಯುತ್ತದೆ, ನಿಲ್ಲಿಸಿದರೆ ಪುಡಿಯಾಗುತ್ತದೆ, ಮೇಲೆ ಏನಾದರೂ ಹೇರಿದರೆ ಮುಗಿದೇ ಹೋಯಿತು. ಮೂವತ್ತು ರೊಟ್ಟಿಯ ಸ್ಟೀಲ್ ಡಬ್ಬಿ ಇಟ್ಟ ಸೂಟ್‌ಕೇಸನ್ನು ಮಲಗಿಸಿಯೇ ಒಯ್ಯಬೇಕು. ಆ ಸೂಟ್‌ಕೇಸು ಹುಬ್ಬಳ್ಳಿಯಿಂದ ರೋಮ್, ಫ್ಲಾರೆನ್ಸ್, ವೆನಿಸ್ ಸುತ್ತಿ ಬಂತು. 2024ರ ಮೇ ತಿಂಗಳ ನಮ್ಮ ಇಟಲಿ ಪ್ರವಾಸದ ಬಗ್ಗೆ ಯಾರಾದರೂ ಕೇಳಿದರೆ ನನಗೆ ಕೊಲೊಸಿಯಂಗಿಂತ ಮೊದಲು ನೆನಪಾಗುವುದು ಅದೇ.

ನಾವು ಐದು ಜನ. ನಾನು, ನಮ್ಮನೆಯವರು, ಹನ್ನೊಂದರ ಮಗಳು, ಏಳರ ಮಗ, ಅರವತ್ತೆಂಟರ ಅತ್ತಿ. ಅತ್ತಿಗೆ ಮೊಣಕಾಲು ನೋವು. ಸಾಮಾನು: ದೊಡ್ಡ ಸೂಟ್‌ಕೇಸ್ ಮೂರು, ಸಣ್ಣವು ಎರಡು, ಬೆನ್ನಿಗೆ ಹಾಕುವ ಚೀಲ ನಾಲ್ಕು. ಎರಡು ವಾರಕ್ಕೆ ಇಷ್ಟು ಯಾಕೆ ಎಂದು ಕೇಳುವವರು ವಯಸ್ಸಾದವರನ್ನೂ ಮಕ್ಕಳನ್ನೂ ಒಟ್ಟಿಗೆ ಕರೆದುಕೊಂಡು ಹೋದವರಲ್ಲ. ತುಪ್ಪವೊಂದನ್ನು ಮಾತ್ರ ಕಷ್ಟಪಟ್ಟು ಬಿಡಿಸಿದೆ. ಹಾಲಿನ ಪದಾರ್ಥ, ಮಾಂಸ ಎರಡನ್ನೂ ನಮ್ಮ ದೇಶದಿಂದ ಯುರೋಪಿನ ಒಕ್ಕೂಟಕ್ಕೆ ಚೀಲದಲ್ಲಿ ಒಯ್ಯುವಂತಿಲ್ಲ. ಶೇಂಗಾ ಚಟ್ನಿಗೆ, ಗುರೆಳ್ಳಿಗೆ, ರೊಟ್ಟಿಗೆ ಅಡ್ಡಿಯಿಲ್ಲ.

ನಾನು ಬ್ಯಾಂಕಿನವಳು. ಮೂರು ತಿಂಗಳ ಮೊದಲೇ ಎಕ್ಸೆಲ್ ತೆರೆದು ಕೂತಿದ್ದೆ. ಒಂದು ಊರಿಂದ ಇನ್ನೊಂದಕ್ಕೆ ರೈಲಾದರೆ ಎಷ್ಟು ಹೊತ್ತು, ಎಷ್ಟು ಯೂರೋ, ಬಸ್ಸಾದರೆ ಎಷ್ಟು, ಬಾಡಿಗೆ ಕಾರಾದರೆ ಪೆಟ್ರೋಲು, ಟೋಲು, ಪಾರ್ಕಿಂಗ್ ಸೇರಿ ಎಷ್ಟು. ಹಸಿರು, ಹಳದಿ ಬಣ್ಣ ಹಚ್ಚಿ ಒಂದು ರಾತ್ರಿ ಊಟದ ನಂತರ ಎಲ್ಲರಿಗೂ ತೋರಿಸಿದೆ. ಅತ್ತಿ ಕನ್ನಡಕ ಏರಿಸಿಕೊಂಡು ನೋಡಿ ಒಂದೇ ಮಾತು ಕೇಳಿದರು: "ಎಲ್ಲಾ ಛಲೋ ಐತಿ. ಇದರಾಗ ಎಷ್ಟು ಸಲ ಎತ್ತಬೇಕಾಗತೈತಿ, ಅದನ್ನ ಬರದೇ ಇಲ್ಲಲ್ಲ?"

ನಕ್ಕೆವು. ಆಮೇಲೆ ಮಲಗಿದ ಮೇಲೆ ನನಗೆ ನಗು ಬರಲಿಲ್ಲ. ಎದ್ದು ಹಾಳೆಯಲ್ಲಿ ಇನ್ನೊಂದು ಕಾಲಂ ಸೇರಿಸಿದೆ. ಹೆಸರು: 'ಎತ್ತು'. ಚಕ್ರದ ಮೇಲೆ ಎಳೆದರೆ ಲೆಕ್ಕಕ್ಕಿಲ್ಲ. ಎಲ್ಲ ಸಾಮಾನನ್ನು ಕೈಯಿಂದ ಮೇಲೆತ್ತಿ ಇನ್ನೊಂದು ಕಡೆ ಇಡಬೇಕಾದರೆ ಅದು ಒಂದು ಎತ್ತು. ಆ ಕಾಲಂ ತುಂಬಿದಾಗ ನಾನು ಹಸಿರು ಹಚ್ಚಿದ್ದ ಅರ್ಧ ಆಯ್ಕೆಗಳು ಕೆಂಪಾದವು.

ಮೊದಲ ಉದಾಹರಣೆ ವಿಮಾನ ಇಳಿದ ಕೂಡಲೇ. ರೋಮಿನ ಫ್ಯುಮಿಚಿನೊ ನಿಲ್ದಾಣದಿಂದ ಊರ ನಡುವಿನ ತೆರ್ಮಿನಿ ಸ್ಟೇಷನ್ನಿಗೆ ಲಿಯೊನಾರ್ಡೊ ಎಕ್ಸ್‌ಪ್ರೆಸ್ ಎಂಬ ರೈಲಿದೆ. 32 ನಿಮಿಷ, ಆಗ ತಲೆಗೆ 14 ಯೂರೋ, ಹನ್ನೆರಡರೊಳಗಿನ ಮಕ್ಕಳಿಗೆ ದೊಡ್ಡವರ ಜೊತೆ ಟಿಕೆಟ್ ಇಲ್ಲ. ಅಂದರೆ ನಮಗೆ 42 ಯೂರೋ. ಮೊದಲೇ ಹೇಳಿಟ್ಟ ವ್ಯಾನಿನವನು 70 ಕೇಳಿದ. ನನ್ನ ಹಳೆಯ ಹಾಳೆಯಲ್ಲಿ ರೈಲು ಗೆದ್ದಿತ್ತು. ಹೊಸ ಕಾಲಂ ಹೀಗೆ ಹೇಳಿತು: ರೈಲಿಗೆ ಹತ್ತಿಸುವುದು ಒಂದು, ಇಳಿಸುವುದು ಎರಡು, ತೆರ್ಮಿನಿಯಿಂದ ನಾವು ಹಿಡಿದ ಬಾಡಿಗೆ ಮನೆಗೆ ಟ್ಯಾಕ್ಸಿ ಡಿಕ್ಕಿಗೆ ಮೂರು, ಅಲ್ಲಿಂದ ಇಳಿಸಲು ನಾಲ್ಕು. ಐದು ಜನ ಒಂದು ಟ್ಯಾಕ್ಸಿಯಲ್ಲಿ ಹಿಡಿಯದಿದ್ದರೆ ಎರಡು ಟ್ಯಾಕ್ಸಿ. ವ್ಯಾನಿಗೆ ಎರಡೇ ಎತ್ತು, ಅದೂ ಅರ್ಧ ಡ್ರೈವರನದು. ಹದಿನಾಲ್ಕು ತಾಸು ಪ್ರಯಾಣ ಮಾಡಿ ಬಂದ ಅತ್ತಿಯ ಮೊಣಕಾಲಿಗೆ 28 ಯೂರೋ ದುಬಾರಿಯೇನಲ್ಲ ಅನಿಸಿತು.

ಮನೆ ಇದ್ದದ್ದು ಮೊಂತಿ ಎಂಬ ಹಳೆಯ ಕೇರಿಯಲ್ಲಿ, ಮೂರನೆಯ ಮಹಡಿ. ಲಿಫ್ಟ್ ಇದೆ ಎಂದು ಕೇಳಿಯೇ ಹಿಡಿದದ್ದು. ಇತ್ತು. ಒಬ್ಬ ಮನುಷ್ಯ, ಒಂದು ಸೂಟ್‌ಕೇಸು, ಅದೂ ಮನುಷ್ಯ ಉಸಿರು ಬಿಗಿಹಿಡಿದು ನಿಂತರೆ. ಹಳೆಯ ಕಟ್ಟಡದ ಮೆಟ್ಟಿಲ ನಡುವಿನ ಬಾವಿಯಲ್ಲಿ ಆಮೇಲೆ ತೂರಿಸಿದ ಲಿಫ್ಟುಗಳೆಲ್ಲ ಹೀಗೇ. ರೊಟ್ಟಿಯ ಸೂಟ್‌ಕೇಸನ್ನು ಮಲಗಿಸಲು ಅದರಲ್ಲಿ ಜಾಗವಿರಲಿಲ್ಲ. ನಮ್ಮನೆಯವರು ಅದನ್ನು ಕೂಸಿನಂತೆ ಎರಡು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದರು.

ನಾಲ್ಕು ದಿನದ ನಂತರ ಫ್ಲಾರೆನ್ಸಿಗೆ. ಇಲ್ಲಿ ಒಂದು ತಪ್ಪು ಮಾಡಿದೆ, ಅದು ನನ್ನದೇ. ಮೊಂತಿಯಿಂದ ತೆರ್ಮಿನಿ ಸ್ಟೇಷನ್ ಎಂಟುನೂರು ಮೀಟರ್. ಫೋನಿನ ನಕ್ಷೆ ಹನ್ನೊಂದು ನಿಮಿಷ ಎಂದಿತು. ಅಷ್ಟಕ್ಕೆ ಟ್ಯಾಕ್ಸಿ ಯಾಕೆ, ಚಕ್ರ ಇವೆಯಲ್ಲ ಎಂದೆ. ರೋಮಿನ ಹಳೆ ಬೀದಿಗಳಿಗೆ ಹಾಸಿದ್ದು ಕಪ್ಪು ಬಸಾಲ್ಟ್ ಕಲ್ಲಿನ ಸಣ್ಣ ಸಣ್ಣ ಗಟ್ಟಿ. ಅವಕ್ಕೆ ಸಾಂಪಿಯೆತ್ರೀನಿ ಎನ್ನುತ್ತಾರೆ, ಸಂತ ಪೀಟರನ ಚೌಕದಿಂದ ಬಂದ ಹೆಸರು. ನೋಡಲು ಚೆಂದ. ಸೂಟ್‌ಕೇಸಿನ ಚಕ್ರಕ್ಕೆ ಯಮ. ಕಲ್ಲು ಕಲ್ಲಿನ ಸಂದಿಯಲ್ಲಿ ಚಕ್ರ ಸಿಕ್ಕಿ ಸಿಕ್ಕಿ ಮುನ್ನೂರು ಮೀಟರಿನಲ್ಲಿ ಮಗಳ ಸೂಟ್‌ಕೇಸಿನ ಒಂದು ಚಕ್ರ ಕಿತ್ತು ಬಂತು. ಉಳಿದ ದಾರಿಯನ್ನು ಅದು ಕುಂಟುತ್ತ ಬಂತು, ಅತ್ತಿಯೂ ಕುಂಟುತ್ತ ಬಂದರು. ಹನ್ನೊಂದು ನಿಮಿಷದ ದಾರಿ ಮುಗಿಯಲು ಮೂವತ್ತೈದು ನಿಮಿಷ. ಆ ನಕ್ಷೆ ಬರೆದವರು ಬರಿಗೈಯಲ್ಲಿ ನಡೆಯುವವರು.

ತೆರ್ಮಿನಿಯಲ್ಲಿ ಎರಡನೆಯ ಗಾಬರಿ. ದೊಡ್ಡ ಬೋರ್ಡಿನ ಮೇಲೆ 'ಪಾರ್ತೆನ್ಝೆ', ಅಂದರೆ ಹೊರಡುವ ರೈಲುಗಳ ಪಟ್ಟಿ. ನಾವು ಫಿರೆಂಝೆ ಎಂಬ ಹೆಸರು ಹುಡುಕುತ್ತಿದ್ದೆವು, ಫ್ಲಾರೆನ್ಸಿಗೆ ಅವರು ಹಾಗೇ ಅನ್ನುವುದು. ಇಲ್ಲವೇ ಇಲ್ಲ. ನಮ್ಮ ಹೊತ್ತಿಗೆ ಹೊರಡುವ ರೈಲಿನ ಮುಂದೆ ವೆನೆತ್ಸಿಯಾ, ಅಂದರೆ ವೆನಿಸ್, ಎಂದು ಬರೆದಿತ್ತು. ರೈಲು ಕೊನೆಗೆ ಮುಟ್ಟುವ ಊರಿನ ಹೆಸರು ದೊಡ್ಡದಾಗಿ, ನಡುವಿನ ಊರುಗಳು ಸಣ್ಣ ಅಕ್ಷರದಲ್ಲಿ ಓಡುತ್ತಿರುತ್ತವೆ. ಫ್ಲಾರೆನ್ಸಿಗೆ ಹೋಗುವವರ ರೈಲು ವೆನಿಸಿನದೂ ಆಗಬಹುದು, ಮಿಲಾನಿನದೂ ತೂರಿನ್ನಿನದೂ ಆಗಬಹುದು. ಟಿಕೆಟ್ಟಿನಲ್ಲಿರುವ ರೈಲಿನ ನಂಬರ್ ಹಿಡಿದು ನೋಡಬೇಕು. ಮಗಳು ಅದನ್ನು ನಮಗಿಂತ ಮೊದಲು ಕಂಡುಹಿಡಿದಳು. ಯಾವ ಪ್ಲಾಟ್‌ಫಾರ್ಮ್ ಎಂಬುದು ಹೊರಡಲು ಸ್ವಲ್ಪ ಹೊತ್ತು ಇರುವಾಗಷ್ಟೇ ಬೀಳುತ್ತದೆ. ಅದಕ್ಕೆ ಬಿನಾರಿಯೊ ಎನ್ನುತ್ತಾರೆ. ಅಲ್ಲಿಯವರೆಗೆ ಸಾಮಾನಿನ ಸುತ್ತ ಕೋಟೆ ಕಟ್ಟಿ ನಿಲ್ಲುವುದೇ ಕೆಲಸ.

"ಹಮಾಲರು?" ಅತ್ತಿ ಸುತ್ತ ನೋಡಿದರು. ಕೆಂಪಂಗಿಯವರು ಯಾರೂ ಕಾಣಲಿಲ್ಲ. "ನಮ್ಮ ಹುಬ್ಬಳ್ಳಿ ಸ್ಟೇಷನ್ನಿನಾಗ ಇಷ್ಟೊತ್ತಿಗೆ ನಾಕು ಮಂದಿ ಬಂದು ಮುಕರತಿದ್ರು." ನಮ್ಮ ಹುಬ್ಬಳ್ಳಿಯದು ಜಗತ್ತಿನಲ್ಲೇ ಉದ್ದದ ಪ್ಲಾಟ್‌ಫಾರ್ಮ್, 1,507 ಮೀಟರ್. ಅದನ್ನು ಮಕ್ಕಳಿಗೆ ಆ ಗಡಿಬಿಡಿಯಲ್ಲೂ ನೆನಪಿಸದೆ ಬಿಡಲಿಲ್ಲ ಅವರು.

ಆದರೆ ತೆರ್ಮಿನಿಯ ಒಂದು ದೊಡ್ಡ ಗುಣವನ್ನು ಮೊದಲು ಗುರುತಿಸಿದವರೂ ಅವರೇ. "ಇಲ್ಲಿ ಮೆಟ್ಟಲಾ ಇಲ್ಲ ನೋಡು!" ಹೌದು. ರೈಲುಗಳೆಲ್ಲ ಬಂದು ತಲೆಯಿಟ್ಟು ನಿಲ್ಲುವ ಕೊನೆಯ ಸ್ಟೇಷನ್ ಅದು. ಹಳಿ ಅಲ್ಲೇ ಮುಗಿಯುತ್ತದೆ. ಬೀದಿಯಿಂದ ನೇರ ಪ್ಲಾಟ್‌ಫಾರ್ಮಿಗೆ ಒಂದೇ ಸಮ ನೆಲ, ಮೇಲ್ಸೇತುವೆ ಇಲ್ಲ, ಸುರಂಗ ಇಲ್ಲ. ಆಮೇಲೆ ಕೂತು ನೋಡಿದರೆ ಫ್ಲಾರೆನ್ಸಿನ ಸಾಂತಾ ಮರಿಯಾ ನೊವೆಲ್ಲಾ, ವೆನಿಸಿನ ಸಾಂತಾ ಲೂಚಿಯಾ, ನೇಪಲ್ಸಿನ ನಾಪೊಲಿ ಚೆಂತ್ರಾಲೆ ಎಲ್ಲವೂ ಹಳಿ ಮುಗಿಯುವ ಇದೇ ಜಾತಿ. ಇಟಲಿಯ ದೊಡ್ಡ ಪ್ರವಾಸಿ ಊರುಗಳ ನಡುವೆ ರೈಲು ಯಾಕೆ ಇಷ್ಟು ಸಲೀಸು ಎಂಬುದಕ್ಕೆ ವೇಗಕ್ಕಿಂತ ಇದೇ ದೊಡ್ಡ ಕಾರಣ ಎಂದು ನನಗನಿಸುತ್ತದೆ. ಪೀಸಾ, ಲಾ ಸ್ಪೆತ್ಸಿಯಾ, ಮೆಸ್ತ್ರೆಯಂಥ ನಡುವಿನ ಸ್ಟೇಷನ್ನುಗಳಲ್ಲಿ ಪ್ಲಾಟ್‌ಫಾರ್ಮ್ ದಾಟಲು ಹಳಿಯ ಕೆಳಗಿನ ಸುರಂಗಕ್ಕಿಳಿದು ಹತ್ತಬೇಕು. ಲಿಫ್ಟ್ ಇದ್ದರೆ ಪುಣ್ಯ. ಇನ್ನೊಂದು ಫರಕು: ನಡುವಿನ ಸ್ಟೇಷನ್ನಿನಲ್ಲಿ ರೈಲು ಎರಡು ಮೂರು ನಿಮಿಷ ನಿಲ್ಲುತ್ತದೆ. ಕೊನೆಯದರಲ್ಲಿ ಅವಸರವಿಲ್ಲ. ಫ್ಲಾರೆನ್ಸಿನಲ್ಲಿ ಮುಂದೆ ಹೋಗುವ ರೈಲು ಕೂಡ ಬಂದ ದಿಕ್ಕಿಗೇ ತಿರುಗಿ ಹೊರಡಬೇಕಾದ್ದರಿಂದ ಕೆಲವು ನಿಮಿಷ ನಿಂತೇ ನಿಲ್ಲುತ್ತದೆ. ಎರಡು ನಿಮಿಷದ ಸ್ಟೇಷನ್ನಿನಲ್ಲಿ ಮೂರು ಸೂಟ್‌ಕೇಸ್, ಇಬ್ಬರು ಮಕ್ಕಳು, ಒಬ್ಬ ಮೊಣಕಾಲು ನೋವಿನವರನ್ನು ಇಳಿಸುವುದೆಂದರೇನು ಎಂದು ರಾತ್ರಿ ಎರಡು ಗಂಟೆಗೆ ಸಣ್ಣ ಊರಲ್ಲಿ ರೈಲಿಳಿದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಅತಿವೇಗದ ರೈಲು ಎರಡು ಕಂಪನಿಯವು. ಸರ್ಕಾರಿ ತ್ರೆನಿತಾಲಿಯಾದ ಕೆಂಪು ಬಾಣ, ಅಂದರೆ ಫ್ರೆಚ್ಚಾರೊಸ್ಸಾ. 2012ರಿಂದ ಅದೇ ಹಳಿಯ ಮೇಲೆ ಪೈಪೋಟಿಗಿಳಿದ ಖಾಸಗಿ ಇತಾಲೊ. ಇಬ್ಬರ ಜಗಳದಿಂದ ನಮಗೆ ಲಾಭ. ಮುಂಚೆ ಕೊಂಡರೆ ದರ ಅರ್ಧಕ್ಕಿಂತ ಕಡಿಮೆ, ಆದರೆ ಆ ಅಗ್ಗದ ಟಿಕೆಟ್ ಬದಲಿಸುವುದು ಕಷ್ಟ. ದೊಡ್ಡವರ ಜೊತೆ ಮಕ್ಕಳು ಪುಕ್ಕಟೆ ಎಂಬ ಯೋಜನೆ ಇಬ್ಬರಲ್ಲೂ ಇದೆ. ಅದನ್ನು ಹಿಡಿದರೆ ದೊಡ್ಡವರಿಗೆ ಅಗ್ಗದ ದರ ಸಿಗದೆ ಒಮ್ಮೊಮ್ಮೆ ಒಟ್ಟು ಜಾಸ್ತಿಯಾಗುತ್ತದೆ, ಎರಡೂ ರೀತಿ ಕೂಡಿಸಿ ನೋಡಬೇಕು. ಪ್ರಾದೇಶಿಕ ರೈಲಿನದು ಬೇರೆ ಲೆಕ್ಕ. ಇಂದು ಕೊಂಡರೂ ತಿಂಗಳ ಮುಂಚೆ ಕೊಂಡರೂ ಒಂದೇ ದರ, ಸೀಟ್ ನಂಬರ್ ಇಲ್ಲ. ಕಾಗದದ ಟಿಕೆಟ್ಟಾದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸದಿದ್ದರೆ ದಂಡ.

ರೋಮಿನಿಂದ ಫ್ಲಾರೆನ್ಸಿಗೆ ಒಂದೂವರೆ ತಾಸು. ಈ 254 ಕಿಲೋಮೀಟರ್ ಹಳಿಯ ಮೊದಲ ತುಂಡು 1977ರಲ್ಲೇ ಶುರುವಾದದ್ದು, ಯುರೋಪಿನ ಮೊದಲ ಅತಿವೇಗದ ದಾರಿ. ಮುಗಿಯಲು 1992 ಆಯಿತು ಎಂಬುದನ್ನು ಓದಿ ನನಗೆ ಇಟಲಿಯವರ ಮೇಲೆ ಸ್ವಲ್ಪ ಪ್ರೀತಿ ಹುಟ್ಟಿತು. ಬೋಗಿಯೊಳಗೆ ತಲೆಯ ಮೇಲಿನ ಅಟ್ಟ ಸಣ್ಣ ಚೀಲಕ್ಕೆ ಸರಿ. ದೊಡ್ಡವಕ್ಕೆ ಬಾಗಿಲ ಬಳಿ ಕಪಾಟಿನಂಥ ಜಾಗ. ಅದು ಮೊದಲು ಹತ್ತಿದವರ ಪಾಲು. ಬೆನ್ನಿಗೆ ಬೆನ್ನು ಹಚ್ಚಿದ ಸೀಟುಗಳ ನಡುವಿನ ತ್ರಿಕೋನದ ಸಂದಿಯೂ ಒಂದು ಸೂಟ್‌ಕೇಸಿಗೆ ಆಗುತ್ತದೆ, ಇದು ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ರೊಟ್ಟಿ ಅಲ್ಲಿ ಹೋಯಿತು. ಮಲಗಿಸಿಯೇ.

ಫ್ಲಾರೆನ್ಸಿನ ಮನೆಯನ್ನು ಸ್ಟೇಷನ್ನಿನ ಕೂಗಳತೆಯಲ್ಲಿ ಹಿಡಿದಿದ್ದೆ. ನದಿಯಾಚೆ ಇನ್ನೂ ಚೆಂದದ, ಅಗ್ಗದ ಮನೆ ಸಿಕ್ಕಿತ್ತು. ಬಿಟ್ಟೆ. ಈಗಲೂ ಆ ಮನೆಯ ಫೋಟೊ ಫೋನಿನಲ್ಲಿದೆ, ಆಗಾಗ ನೋಡುತ್ತೇನೆ.

ಇಲ್ಲಿಯವರೆಗೆ ರೈಲು. ಫ್ಲಾರೆನ್ಸ್ ಇರುವ ತೊಸ್ಕಾನಾ ಸೀಮೆಯ ಹಳ್ಳಿಗಾಡು ನೋಡಬೇಕು, ಎರಡು ರಾತ್ರಿ ಹೊಲದ ಮನೆಯಲ್ಲಿ ಇರಬೇಕು ಎಂಬುದು ನಮ್ಮನೆಯವರ ಆಸೆ. ಅಲ್ಲಿಗೆ ರೈಲಿಲ್ಲ, ಬಸ್ಸು ದಿನಕ್ಕೆ ಬೆರಳೆಣಿಕೆ. ಕಾರು ಬೇಕೇ ಬೇಕು. ಕಾರಿನ ಪರವಾಗಿ ಹೇಳುವವರೆಲ್ಲ "ಮನೆ ಬಾಗಿಲಿಗೇ ಹೋಗಬಹುದಲ್ಲ" ಎನ್ನುತ್ತಾರೆ. ಇಟಲಿಯ ಹಳೆಯ ಊರುಗಳಲ್ಲಿ ಹೋಗಬಾರದ್ದೇ ಮನೆ ಬಾಗಿಲಿಗೆ. ಊರ ನಡುಭಾಗವೆಲ್ಲ 'ಝಡ್‌ಟಿಎಲ್', ವಾಹನಕ್ಕೆ ನಿರ್ಬಂಧವಿರುವ ವಲಯ. ಫ್ಲಾರೆನ್ಸ್, ಸಿಯೆನಾ, ಪೀಸಾ, ರೋಮ್ ಎಲ್ಲ ಕಡೆ. ಗೇಟಿಲ್ಲ, ಪೊಲೀಸಿಲ್ಲ, ಬರೇ ಕ್ಯಾಮೆರಾ.

ಆದ್ದರಿಂದ ಕಾರನ್ನು ಊರೊಳಗೆ ಮುಟ್ಟಲೇ ಇಲ್ಲ. ಫ್ಲಾರೆನ್ಸಿನ ವಿಮಾನ ನಿಲ್ದಾಣಕ್ಕೆ ಸ್ಟೇಷನ್ನಿನಿಂದ ಟ್ರಾಮ್ ಇದೆ, 2019ರಲ್ಲಿ ಶುರುವಾದ ಟಿ2. ಇಪ್ಪತ್ತು ನಿಮಿಷ. ಪ್ಲಾಟ್‌ಫಾರ್ಮ್ ಮತ್ತು ಟ್ರಾಮಿನ ನೆಲ ಒಂದೇ ಮಟ್ಟ, ಎತ್ತು ಸೊನ್ನೆ. ಅಲ್ಲಿ ಕಾರು ತೆಗೆದುಕೊಂಡು ಅಲ್ಲೇ ವಾಪಸು ಕೊಡುವುದು. ಒಂದು ಊರಲ್ಲಿ ತೆಗೆದುಕೊಂಡು ಇನ್ನೊಂದರಲ್ಲಿ ಬಿಟ್ಟರೆ ಅದಕ್ಕೆ ಬೇರೆ ಶುಲ್ಕ. ಕೌಂಟರಿನಲ್ಲಿ ನಮ್ಮ ಲೈಸೆನ್ಸಿನ ಜೊತೆ ಅಂತರರಾಷ್ಟ್ರೀಯ ಪರ್ಮಿಟ್ ಕೇಳಿದರು. ಅದನ್ನು ಆರ್‌ಟಿಒದಲ್ಲಿ ಸಾವಿರ ರೂಪಾಯಿ ಕಟ್ಟಿ ಮಾಡಿಸಿಕೊಂಡೇ ಹೋಗಿದ್ದೆವು. ಒಂದು ವರ್ಷ ನಡೆಯುತ್ತದೆ.

ಕಾರಿನ ಚಿತ್ರದ ಕೆಳಗೆ ಐದು ಮನುಷ್ಯರ ಗುರುತು, ಎರಡು ಸೂಟ್‌ಕೇಸಿನ ಗುರುತು ಇತ್ತು. ಎರಡನ್ನೂ ನಾನು ಬೇರೆ ಬೇರೆ ಓದಿದ್ದೆ. ಐದು ಜನ ಕೂತರೆ ಐದು ಜನರ ಸಾಮಾನು ಹಿಡಿಯುವುದಿಲ್ಲ ಎಂದು ಅದು ಬಾಯಿಬಿಟ್ಟು ಹೇಳುತ್ತಿತ್ತು. ಕೊನೆಗೆ ಫ್ಲಾರೆನ್ಸಿನ ಮನೆಯವರನ್ನು ಕೇಳಿ ಮೂರು ದೊಡ್ಡ ಸೂಟ್‌ಕೇಸನ್ನೂ ಅಲ್ಲೇ ಬಿಟ್ಟು, ಎರಡು ಸಣ್ಣ ಚೀಲ ಮತ್ತು ರೊಟ್ಟಿ ಡಬ್ಬಿ ಅಷ್ಟೇ ಹಿಡಿದು ಹೊರಟೆವು. ಇಡೀ ಪ್ರವಾಸದಲ್ಲಿ ನಾವು ಮಾಡಿದ ಜಾಣತನ ಅಂದರೆ ಇದೊಂದೇ, ಅದೂ ಬೇರೆ ದಾರಿಯಿಲ್ಲದೆ.

ಫ್ಲಾರೆನ್ಸಿನಿಂದ ಸಿಯೆನಾಕ್ಕೆ ಟೋಲಿಲ್ಲದ ರಸ್ತೆ. ಅಲ್ಲಿಂದ ದಕ್ಷಿಣಕ್ಕೆ ಒರ್ಚಾ ಕಣಿವೆ. ಮೇ ತಿಂಗಳ ಹಸಿರು ಗೋಧಿ, ದಿಬ್ಬದ ಮೇಲೆ ಸಾಲು ಸೈಪ್ರೆಸ್ ಮರ. ಅತ್ತಿ ಕಿಟಕಿ ಇಳಿಸಿ "ನಮ್ಮ ಕಲಘಟಗಿ ಕಡೆ ಮಳಿ ಆದಮ್ಯಾಲೆ ಹಿಂಗ ಇರತೈತಿ" ಅಂದರು. ಅಷ್ಟು ದೂರ ಹೋಗಿ ಕಲಘಟಗಿ ನೋಡಿದ್ದಕ್ಕೆ ನಮ್ಮನೆಯವರಿಗೆ ಸ್ವಲ್ಪ ಬೇಸರವಾಯಿತು, ನನಗೆ ಖುಷಿಯಾಯಿತು. ಪಾರ್ಕಿಂಗಿನ ಗೆರೆಗಳ ಬಣ್ಣ ಮಗನಿಗೆ ಬಾಯಿಪಾಠವಾಯಿತು: ಬಿಳಿ ಪುಕ್ಕಟೆ, ನೀಲಿಗೆ ದುಡ್ಡು, ಹಳದಿ ಊರವರದು.

ಅಲ್ಲೊಂದು ದಿಬ್ಬದ ಮೇಲಿನ ಸಣ್ಣ ಊರು. ಹೆಸರು ಬೇಡ. ಬೀದಿಯ ಬಾಯಲ್ಲಿ ಬಿಳಿ ವೃತ್ತಕ್ಕೆ ಕೆಂಪು ಅಂಚಿನ ಫಲಕ, ಅದರ ಪಕ್ಕ ದೀಪದ ಅಕ್ಷರದಲ್ಲಿ 'ವಾರ್ಕೊ ಅತ್ತೀವೊ'. ವಾರ್ಕೊ ಅಂದರೆ ದ್ವಾರ, ಅತ್ತೀವೊ ಅಂದರೆ ಚಾಲೂ. ದ್ವಾರ ಚಾಲೂ ಇದೆ, ಅಂದರೆ ಹೋಗಬಹುದು ಎಂದು ನಮ್ಮನೆಯವರು ಅರ್ಥ ಮಾಡಿದರು. ಹಿಂದಿನ ಸೀಟಿನಿಂದ ಮಗಳು "ಅಜ್ಜಿ, ನಿನ್ನ ಹೆಸರು ಬರದಾರ!" ಎಂದು ಕೂಗಿದ್ದರಿಂದ ನಗುವಿನಲ್ಲಿ ಯಾರೂ ಯೋಚಿಸಲಿಲ್ಲ. ಚಾಲೂ ಇರುವುದು ಕ್ಯಾಮೆರಾ. ಒಳಗೆ ಹೋಗಬಾರದು ಎಂದೇ ಅದರ ಅರ್ಥ. 'ನೊನ್ ಅತ್ತೀವೊ' ಎಂದಿದ್ದರೆ ಹೋಗಬಹುದಿತ್ತು. ಸೆಪ್ಟೆಂಬರಿನಲ್ಲಿ ಮೊದಲು ಬಾಡಿಗೆ ಕಂಪನಿ ನಮ್ಮ ವಿಳಾಸ ಕೊಟ್ಟ ಶ್ರಮಕ್ಕೆ ಕಾರ್ಡಿನಿಂದ ದುಡ್ಡು ಕತ್ತರಿಸಿಕೊಂಡಿತು, ಆಮೇಲೆ ಊರ ಪುರಸಭೆಯ ನೋಟಿಸು ಬಂತು. ಹೊರದೇಶದವರಿಗೆ ನೋಟಿಸು ಕಳಿಸಲು ಅವರಿಗೆ 360 ದಿನ ಸಮಯವಿದೆ, ಐದು ದಿನದೊಳಗೆ ಕಟ್ಟಿದರೆ ಶೇ 30 ಕಡಿತ. ನಾವು ನಾಲ್ಕನೆಯ ದಿನ ಕಟ್ಟಿದೆವು. ಆದರೂ ಎರಡೂ ಸೇರಿ ನೂರು ಯೂರೋ ದಾಟಿತು. ನನ್ನ ಎಕ್ಸೆಲ್ ಹಾಳೆಯಲ್ಲಿ ಕಾರಿನ ಸಾಲಿಗೆ ಈ ಮೊತ್ತವನ್ನೂ ಸೇರಿಸಿದ್ದೇನೆ. ಲೆಕ್ಕ ಲೆಕ್ಕವೇ.

ಅಮಾಲ್ಫಿ ಕರಾವಳಿಗೆ ಯಾಕೆ ಹೋಗಲಿಲ್ಲ ಎಂದು ಹಲವರು ಕೇಳಿದರು. ಮೊದಲ ಹಾಳೆಯಲ್ಲಿ ಅದಿತ್ತು. ಮ್ಯೂನಿಕ್ಕಿನಲ್ಲಿರುವ ನಾದಿನಿ ಹಿಂದಿನ ವರ್ಷ ಹೋಗಿ ಬಂದಿದ್ದಳು. ಫೋನಿನಲ್ಲಿ ಒಂದು ತಾಸು ಹೇಳಿದಳು. ರೋಮಿನಿಂದ ನೇಪಲ್ಸ್‌ಗೆ ಒಂದು ತಾಸು ಹತ್ತು ನಿಮಿಷದ ಅತಿವೇಗದ ರೈಲು, ಬೆಣ್ಣೆಯಂತೆ. ಅಲ್ಲಿಂದ ಸೊರೆಂತೊಗೆ ಚಿರ್ಕುಮ್‌ವೆಸುವಿಯಾನಾ ಎಂಬ ಲೋಕಲ್. ಸ್ಟೇಷನ್ನಿನ ನೆಲಮಾಳಿಗೆಗೆ ಇಳಿದು ಹಿಡಿಯಬೇಕು, ಸಾಮಾನಿಗೆಂದು ಜಾಗವೇ ಇಲ್ಲ, ನಿಂತು ಒಂದು ತಾಸಿಗೂ ಮೇಲೆ, ಜೇಬಿನ ಮೇಲೆ ಕೈ ಬಿಗಿಹಿಡಿದು. ಆಮೇಲೆ ಬಂಡೆಯ ಅಂಚಿನ ರಸ್ತೆಯಲ್ಲಿ ಕಿಕ್ಕಿರಿದ ಬಸ್ಸು. "ವೈನಿ, ಪೊಸಿತಾನೊದಾಗ ಓಣಿ ಅಂದ್ರ ಮೆಟ್ಟಲಾ. ನಮ್ಮನಿಯವರು ಎರಡನೇ ಸಲ ಸೂಟ್‌ಕೇಸ್ ತರಾಕ ಇಳಿಯಲೇ ಇಲ್ಲ, ಅಲ್ಲೇ ಕುಂತುಬಿಟ್ರು." ರೈಲಿನಲ್ಲಿ ಸಲೆರ್ನೊಗೆ ಹೋಗಿ, ಬೇಸಿಗೆ ಕಾಲದಲ್ಲಿ ಅಲ್ಲಿಂದ ಓಡಾಡುವ ದೋಣಿ ಹಿಡಿದರೆ ಸುಖ, ಆದರೂ ದೊಡ್ಡವನ್ನು ನೇಪಲ್ಸಿನಲ್ಲೇ ದೆಪೊಸಿತೊ ಬಗಾಲ್ಯಿಯಲ್ಲಿ ಇಟ್ಟು ಹೋಗಿ ಎಂದಳು. ಸ್ಟೇಷನ್ನಿನ ಸಾಮಾನು ಕೋಣೆಗೆ ಅಲ್ಲಿ ಹಾಗನ್ನುತ್ತಾರೆ. ಅತ್ತಿ ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಂಡು ಎದ್ದು ಹೋದರು. ಅಮಾಲ್ಫಿ ಅಲ್ಲಿಗೆ ಮುಗಿಯಿತು. ಚಿಂಕ್ವೆ ತೆರ್ರೆಯ ಐದು ಊರುಗಳಲ್ಲೊಂದಾದ ಕೊರ್ನಿಲ್ಯಾದಲ್ಲಿ ಸ್ಟೇಷನ್ನಿನಿಂದ ಊರಿಗೆ 380ರಷ್ಟು ಮೆಟ್ಟಿಲು ಎಂದು ಓದಿದವಳು ನಾನು ಅದನ್ನು ಅವರ ಮುಂದೆ ಹೇಳಲೇ ಇಲ್ಲ.

ಫ್ಲಾರೆನ್ಸಿನಿಂದ ವೆನಿಸಿಗೆ ಬಸ್ಸು ಬಹಳ ಅಗ್ಗ. ಫ್ಲಿಕ್ಸ್‌ಬಸ್ಸಿನ ಹೊಟ್ಟೆಯಲ್ಲಿ ಸಾಮಾನು ಹಾಕಿದರೆ ಮುಗಿಯಿತು, ಎತ್ತಿನ ಲೆಕ್ಕದಲ್ಲಿ ರೈಲಿಗೆ ಸಮ. ಆದರೆ ಅದು ಹೊರಡುವುದು ಊರಾಚೆ ಟ್ರಾಮಿನ ಕೊನೆಯಲ್ಲಿರುವ ವಿಲ್ಲಾ ಕೊಸ್ತಾಂಝಾದಿಂದ, ಮುಟ್ಟುವುದು ವೆನಿಸಿನ ಅಂಚಿನ ತ್ರೊಂಕೆತ್ತೊಗೆ. ಎರಡೂ ತುದಿಗೆ ಇನ್ನೊಂದು ಗಾಡಿ. ರೈಲೇ ಗಟ್ಟಿಯಾಯಿತು. ನಾವು ಹೊರಡಬೇಕಿದ್ದ ಶುಕ್ರವಾರ ಮುಷ್ಕರ ಎಂದು ವಾರದ ಮೊದಲೇ ಸುದ್ದಿ ಬಂತು. ಇಟಲಿಯಲ್ಲಿ ಮುಷ್ಕರವನ್ನು ಹೇಳಿ ಮಾಡುತ್ತಾರೆ, ಷೊಪೆರೊ ಎಂದು ಹುಡುಕಿದರೆ ದಿನಾಂಕ ಸಿಗುತ್ತದೆ. ಕೆಲಸದ ದಿನಗಳಲ್ಲಿ ಬೆಳಗ್ಗೆ 6ರಿಂದ 9, ಸಂಜೆ 6ರಿಂದ 9 ಪ್ರಾದೇಶಿಕ ರೈಲುಗಳು ಓಡಲೇಬೇಕು ಎಂಬ ನಿಯಮವಿದೆ. ದೂರದ ರೈಲುಗಳಲ್ಲೂ ಓಡಿಯೇ ಓಡುವವು ಎಂಬ ಪಟ್ಟಿ ಇರುತ್ತದೆ. ನಮ್ಮದು ಇಪ್ಪತ್ತು ನಿಮಿಷ ತಡವಾಗಿ ಹೊರಟಿತು, ಅಷ್ಟೇ.

ಫ್ಲಾರೆನ್ಸಿನಿಂದ ಬೊಲೊನ್ಯಾಕ್ಕೆ ಬೆಟ್ಟ ಕೊರೆದ ಹೊಸ ದಾರಿ, 2009ರದು. ಸುಮಾರು 78 ಕಿಲೋಮೀಟರಿನಲ್ಲಿ 73ರಷ್ಟು ಸುರಂಗ. ಮಗ ಕಿಟಕಿ ಸೀಟಿಗಾಗಿ ಅಕ್ಕನ ಜೊತೆ ಹೊಡೆದಾಡಿ ಗೆದ್ದಿದ್ದ. ಅರ್ಧ ತಾಸು ತನ್ನ ಮುಖವನ್ನೇ ನೋಡಿಕೊಂಡು ಕೂತ.

ವೆನಿಸಿಗೆ ಎರಡು ಸ್ಟೇಷನ್. ವೆನೆತ್ಸಿಯಾ ಮೆಸ್ತ್ರೆ ನೆಲದ ಮೇಲಿನದು, ವೆನೆತ್ಸಿಯಾ ಸಾಂತಾ ಲೂಚಿಯಾ ನೀರಿನ ಮೇಲಿನದು. ವೆನೆತ್ಸಿಯಾ ಎಂಬ ದನಿ ಕೇಳಿ ಮೆಸ್ತ್ರೆಯಲ್ಲೇ ಇಳಿಯುವವರು ದಿನಾ ಇರುತ್ತಾರಂತೆ. ನಮ್ಮ ಬೋಗಿಯಲ್ಲೇ ಒಂದು ಕುಟುಂಬ ಇಳಿದು, ಮತ್ತೆ ಹತ್ತಿತು. ಮೆಸ್ತ್ರೆ ದಾಟಿದ ಮೇಲೆ ರೈಲು ಹಿನ್ನೀರಿನ ಮೇಲಿನ ಉದ್ದ ಸೇತುವೆಗೆ ಬರುತ್ತದೆ. ಹಳಿಯ ಸೇತುವೆ 1846ರದು, ಪಕ್ಕದಲ್ಲಿ ಕಾರುಗಳದು 1933ರದು. ಎರಡೂ ಕಡೆ ನೀರು, ಮುಂದೆ ಗೋಪುರಗಳು. ಬೋಗಿಯಲ್ಲಿ ಮಾತು ನಿಂತಿತು. ಅತ್ತಿ ಕೈ ಮುಗಿದರು. ಯಾರಿಗೆ ಅಂತ ಕೇಳಲಿಲ್ಲ.

ವೆನಿಸಿನಲ್ಲಿ ಸಾಮಾನಿನ ಪ್ರಶ್ನೆ ಬೇರೆಯೇ ರೂಪ ತಾಳುತ್ತದೆ. ಅಲ್ಲಿ ಕಾರಿಲ್ಲ, ಟ್ಯಾಕ್ಸಿ ಎಂದರೆ ನೀರಿನ ಮೇಲೆ ಓಡುವ, ರೇಟು ಕೇಳಿದರೆ ಎದೆ ಧಸಕ್ಕೆನ್ನುವ ದೋಣಿ. ನಾನೂರಕ್ಕೂ ಹೆಚ್ಚು ಸೇತುವೆ, ಬಹುತೇಕ ಎಲ್ಲಕ್ಕೂ ಮೆಟ್ಟಿಲು. ವಾಪೊರೆತ್ತೊ ಎಂಬ ನೀರಿನ ಬಸ್ಸಿಗೆ 75 ನಿಮಿಷದ ಟಿಕೆಟ್ ಆಗ 9.50 ಯೂರೋ. ತಲೆಗೊಂದು ಸೂಟ್‌ಕೇಸು ಪುಕ್ಕಟೆ, ಅದರ ಉದ್ದ, ಅಗಲ, ಎತ್ತರ ಕೂಡಿದರೆ 150 ಸೆಂಟಿಮೀಟರ್ ಮೀರಬಾರದು. ಚಕ್ರದ ಸೂಟ್‌ಕೇಸುಗಳ ಗಡಗಡ ಸದ್ದಿಗೆ ರೋಸಿ 2014ರಲ್ಲಿ ಅಲ್ಲಿನ ಆಡಳಿತ ಅವನ್ನು ನಿಷೇಧಿಸುವ ಮಾತೆತ್ತಿ, ಆಮೇಲೆ ಹಿಂದೆ ಸರಿದಿತ್ತು. ನಮ್ಮ ಒಂಟಿಚಕ್ರದ್ದು ಎಬ್ಬಿಸುತ್ತಿದ್ದ ಸದ್ದು ಕೇಳಿದ್ದರೆ ಸರಿಯುತ್ತಿರಲಿಲ್ಲ. ಸ್ಟೇಷನ್ನಿನ ಮುಂದೆ ಕೈಗಾಡಿ ಇಟ್ಟುಕೊಂಡ ಹಮಾಲರು ಇಲ್ಲಿ ಇದ್ದಾರೆ. ಅವರನ್ನು ಕಂಡು ಅತ್ತಿಯ ಮುಖ ಅರಳಿದ್ದನ್ನು ನೋಡಬೇಕಿತ್ತು.

ಅವರ ಅವಶ್ಯಕತೆ ಬೀಳಲಿಲ್ಲ. ಕೋಣೆ ಹುಡುಕುವಾಗ ನಾನು ನೋಟ ನೋಡಲಿಲ್ಲ, ರೇಟಿಂಗ್ ನೋಡಲಿಲ್ಲ, ಸೇತುವೆ ಎಣಿಸಿದೆ. ಸಾಂತಾ ಲೂಚಿಯಾದಿಂದ ಹೊರಬಿದ್ದು ಎಡಕ್ಕೆ ತಿರುಗಿದರೆ ಲಿಸ್ತಾ ದಿ ಸ್ಪಾನ್ಯಾ ಎಂಬ ಬೀದಿ. ಮುಂದೆ ಗೂಲ್ಯೆ ಸೇತುವೆ ಬರುವತನಕ ಒಂದೂ ಸೇತುವೆ ಇಲ್ಲ. ಆ ಬೀದಿಯ ಬಗ್ಗೆ ಗೊತ್ತಿದ್ದವರು ಮೂಗು ಮುರಿಯುತ್ತಾರೆ, ಅಂಗಡಿ, ಮುಖವಾಡ, ಜನಜಂಗುಳಿ. ನಿಜ. ಆದರೆ ರೈಲಿನಿಂದ ಕೋಣೆಯ ಬಾಗಿಲವರೆಗೆ ಇಳಿಸುವುದು ಒಂದು, ಅಷ್ಟೇ. ಐದು ನಿಮಿಷದಲ್ಲಿ ಅತ್ತಿ ಹಾಸಿಗೆಯ ಮೇಲೆ ಕಾಲು ಚಾಚಿ, ಡಬ್ಬಿ ತೆಗೆದು, ಎಣಿಸಿದರು. ಹನ್ನೊಂದು ರೊಟ್ಟಿ ಉಳಿದಿದ್ದವು. ಎರಡು ಮುರಿದಿದ್ದವು.

ಹೊರಡುವ ದಿನ ವಿಮಾನ ನಿಲ್ದಾಣದ ಬಸ್ಸಿಗಾಗಿ ಪಿಯಾತ್ಸಾಲೆ ರೋಮಾಕ್ಕೆ ಹೋಗಬೇಕಿತ್ತು. ನಡುವೆ 2008ರಲ್ಲಿ ಕಟ್ಟಿದ ಗಾಜಿನ ಮೆಟ್ಟಿಲ ಸೇತುವೆ. ಸ್ಪೇನಿನ ಸಾಂತ್ಯಾಗೊ ಕಲತ್ರಾವಾ ರೂಪಿಸಿದ್ದು, ಒದ್ದೆಯಾದರೆ ಜಾರುತ್ತದೆ ಎಂದು ಊರವರೇ ಬೈಯುವಂಥದು. ಅವತ್ತು ಜಿಟಿಜಿಟಿ ಮಳೆ. ಒಂದೇ ನಿಲ್ದಾಣಕ್ಕೆ ವಾಪೊರೆತ್ತೊ ಹತ್ತಿದರೆ ಐದು ಜನಕ್ಕೆ 47.50 ಯೂರೋ. ನಾನು ಲೆಕ್ಕ ಹಾಕುತ್ತ ನಿಂತಿದ್ದಾಗ ಅತ್ತಿ ಹೋಗಿ ಒಬ್ಬ ಹಮಾಲನ ಮುಂದೆ ನಿಂತು, ಕನ್ನಡದಲ್ಲಿ, "ಎಷ್ಟಪ್ಪಾ?" ಅಂದರು. ಅವನು ಇಟಾಲಿಯನ್ನಿನಲ್ಲಿ ಏನೋ ಅಂದ. ಇವರು ಬೆರಳು ತೋರಿಸಿದರು, ಅವನು ಬೆರಳು ತೋರಿಸಿದ. ಒಂದು ಬೆರಳು ಇಳಿಯಿತು. ವ್ಯವಹಾರ ಮುಗಿಯಿತು. ಎಷ್ಟಕ್ಕೆ ಎಂದು ಹೇಳಿದರೆ ಅತ್ತಿ ಬೈಯುತ್ತಾರೆ.

ಈಗ ಮಗ ಎಲ್ಲೋ ನೋಡಿದ್ದಾನೆ, ರೋಮಿನಿಂದ ಸಿಸಿಲಿಗೆ ಹೋಗುವ ರೈಲನ್ನು ವಿಲ್ಲಾ ಸಾನ್ ಜೊವಾನ್ನಿಯಲ್ಲಿ ತುಂಡು ತುಂಡು ಮಾಡಿ ಹಡಗಿನ ಹೊಟ್ಟೆಗೆ ತಳ್ಳಿ, ಮೆಸ್ಸೀನಾ ಜಲಸಂಧಿ ದಾಟಿಸಿ, ಆಚೆ ದಡದಲ್ಲಿ ಮತ್ತೆ ಜೋಡಿಸುತ್ತಾರಂತೆ. ಹೌದು, ಅದು ಈಗಲೂ ನಡೆಯುತ್ತದೆ. ಕಳೆದ ವಾರ ಊಟಕ್ಕೆ ಕೂತಾಗ ಅದನ್ನು ಅಜ್ಜಿಗೆ ವಿಡಿಯೊದಲ್ಲಿ ತೋರಿಸಿದ.

"ಅಂದ್ರ ಮಂದಿ ರೈಲು ಇಳಿಯೂದ ಬ್ಯಾಡೇನು?"

"ಬ್ಯಾಡ ಅಜ್ಜಿ."

"ಚೀಲ?"

"ಅಲ್ಲೇ ಇರತಾವು."

ಅತ್ತಿ ನನ್ನ ಕಡೆ ತಿರುಗಿದರು. "ಆ ಕಡೆ ಇಳಿಯೂ ಸ್ಟೇಷನ್ನು ಕೊನೀದೋ, ನಡಬರಕಿಂದೋ?"

ಪಲೆರ್ಮೊ ಚೆಂತ್ರಾಲೆ. ಹಳಿ ಅಲ್ಲೇ ಮುಗಿಯುತ್ತದೆ. ಕೊನೀದು ಎಂದೆ.

"ಹಂಗಾರ ಈ ಸಲ ಐವತ್ತು ರೊಟ್ಟಿ ಒಯ್ಯೂಣು," ಅಂದರು.